ಲಾವೋತ್ಸು ಕೊಳ್ಳುವ ಮುನ್ನ ಅರವತ್ನಾಲ್ಕನೇ ಅಧ್ಯಾಯ ತೆರೆಯಿರಿ

‘ಸಾವಿರ ಮೈಲಿಯ ಪಯಣ ಶುರುವಾಗುವುದು ಒಂದು ಹೆಜ್ಜೆಯಿಂದ.’ ಮೈಸೂರಿನ ಕೋಚಿಂಗ್ ಸೆಂಟರುಗಳ ಗೋಡೆಗೂ ಗುಡ್ ಮಾರ್ನಿಂಗ್ ಮೆಸೇಜುಗಳಿಗೂ ಚೆನ್ನಾಗಿ ಒಗ್ಗಿಹೋಗಿರುವ ಈ ಸಾಲು ಪ್ರಾಚೀನ ಚೀನಾದ ಜ್ಞಾನಿ ಲಾವೋತ್ಸುವಿನದೆನ್ನುವ ‘ದಾವ್ ದ ಜಿಂಗ್’ ಪುಸ್ತಕದ 64ನೇ ಅಧ್ಯಾಯದ್ದು. ಮೂಲದಲ್ಲಿ ಮೈಲಿ ಇಲ್ಲ, ‘ಲೀ’ ಇದೆ. ಆ ಕಾಲದ ಲೀ ಅಂದರೆ ಅರ್ಧ ಕಿಲೋಮೀಟರಿಗೂ ಕಡಿಮೆ. ಹೆಜ್ಜೆಯೂ ಇಲ್ಲ, ‘ಕಾಲಡಿ’ ಎಂದಿದೆ. ಅದೆಲ್ಲ ಹೋಗಲಿ, ಹಳೆಯ ಪ್ರತಿಗಳಲ್ಲಿ ಪಯಣವೇ ಇಲ್ಲ. 1973ರಲ್ಲಿ ಚೀನಾದ ಮಾವಾಂಗ್‌ದ್ವೇಯ ಗೋರಿಯಿಂದ ಹೊರಬಂದ ರೇಷ್ಮೆ ಪ್ರತಿಯಲ್ಲಿ ಆ ಜಾಗದಲ್ಲಿರುವುದು ‘ನೂರು ಆಳೆತ್ತರವೂ ಕಾಲಡಿಯಿಂದಲೇ ಶುರು’ ಎಂಬರ್ಥದ ಮಾತು. ಅದರ ಹಿಂದಿನ ಎರಡು ಸಾಲು ಓದಿದರೆ ಇದೇ ಸರಿ ಅನ್ನಿಸುತ್ತದೆ. ತಬ್ಬುವಷ್ಟು ದಪ್ಪದ ಮರ ಕೂದಲೆಳೆಯಂಥ ಮೊಳಕೆಯಿಂದ ಬೆಳೆಯಿತು, ಒಂಬತ್ತಂತಸ್ತಿನ ಗೋಪುರ ಬುಟ್ಟಿ ಮಣ್ಣಿನಿಂದ ಎದ್ದಿತು. ಎರಡೂ ಎತ್ತರದ ಮಾತು. ಮೂರನೆಯದರಲ್ಲಿ ಇದ್ದಕ್ಕಿದ್ದಂತೆ ದಾರಿ ಹಿಡಿದು ಹೊರಡುವುದು ಯಾಕೆ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಿಗೆ ಕಾಲಡಿಯ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಈ ಪಾಠ, ಅಂದರೆ ಪ್ರತಿಯಲ್ಲಿರುವ ಮೂಲದ ಮಾತು, ಕೆಟ್ಟದ್ದು ಹೇಗೆ ಎಂಬ ಜಾಡೂ ಅಲ್ಲೇ ಸಿಗುತ್ತದೆ. ಮಾವಾಂಗ್‌ದ್ವೇಯಲ್ಲಿ ಸಿಕ್ಕಿದ್ದು ಎರಡು ಪ್ರತಿ, ಎ ಮತ್ತು ಬಿ. ಎ ಪ್ರತಿಯ ಲಿಪಿಕಾರ ಆಳೆತ್ತರದ ಅಳತೆ ಸೂಚಿಸುವ ‘ರೆನ್’ ಬರೆಯುವ ಬದಲು ಅದೇ ಉಚ್ಚಾರದ, ಕರುಣೆ ಎಂಬರ್ಥದ ‘ರೆನ್’ ಬರೆದಿದ್ದಾನೆ. ಬಿ ಪ್ರತಿಯಲ್ಲಿ ಅದು ‘ಸಾವಿರ’ವಾಗಿದೆ. ಸಾವಿರ ಒಮ್ಮೆ ಒಳಗೆ ನುಸುಳಿದ ಮೇಲೆ ಅದರ ಪಕ್ಕಕ್ಕೆ ‘ಲೀ’ ಬಂದು ಕೂರುವುದು ಕಷ್ಟವಲ್ಲ.

ಹಾಗಾಗಿ ಈ ಪುಸ್ತಕ ಕೊಳ್ಳುವವರು ಮೊದಲು ಕೇಳಬೇಕಾದದ್ದು ‘ಯಾವ ಅನುವಾದ ಸೊಗಸು’ ಎಂದಲ್ಲ, ‘ಯಾವ ಪಾಠದಿಂದ ಮಾಡಿದ್ದು’ ಎಂದು. ಮೈಸೂರಿನ ಓದುಗರಿಗೆ ಇದು ಹೊಸ ಪ್ರಶ್ನೆಯೇನಲ್ಲ. 1905ರಲ್ಲಿ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಊರಿದು, ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯನ್ನು ಒಂದು ಶಾಸ್ತ್ರವಾಗಿ ಕಲಿಸಿದ ಊರು. ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತು), ಪ್ರಕ್ಷಿಪ್ತ (ಆಮೇಲೆ ಸೇರಿಸಿದ ಭಾಗ), ಲಿಪಿಕಾರನ ಸ್ಖಾಲಿತ್ಯ (ಕೈತಪ್ಪು) ಎಂಬ ಮಾತುಗಳು ಇಲ್ಲಿ ಕಿವಿಗೆ ಬಿದ್ದೇ ಇರುತ್ತವೆ. ಅವೇ ಮಾತುಗಳಲ್ಲಿ ಈಗ ಉಳಿದಿರುವ ಪ್ರತಿಗಳನ್ನು ಒಂದೊಂದಾಗಿ ತೂಗಬಹುದು.

ಅಂಗಡಿಯಲ್ಲಿ ಕೈಗೆ ಸಿಗುವ ಹತ್ತರಲ್ಲಿ ಎಂಟು ಪುಸ್ತಕಕ್ಕೆ ಆಧಾರ ವಾಂಗ್ ಬಿ ಪಾಠ. ವಾಂಗ್ ಬಿ ಹುಟ್ಟಿದ್ದು 226ರಲ್ಲಿ, ತೀರಿಕೊಂಡದ್ದು 249ರಲ್ಲಿ. ಇಪ್ಪತ್ತಮೂರಕ್ಕೆ ಮುಗಿದ ಬದುಕಿನಲ್ಲಿ ಬರೆದ ವ್ಯಾಖ್ಯಾನ ಇಂದಿಗೂ ಮೊದಲ ಸಾಲಿನಲ್ಲಿದೆ. ದಾವ್ (ದಾರಿ), ದ (ಗುಣ) ಎಂಬ ಎರಡು ಭಾಗ, 81 ಅಧ್ಯಾಯ, ಸುಮಾರು ಐದು ಸಾವಿರ ಅಕ್ಷರ: ನಮಗೆಲ್ಲ ಪರಿಚಯದ ಆಕಾರ ಇದು. ಓದಲು ಹಸನಾಗಿದೆ, ಎಲ್ಲೂ ತುಂಡಾಗಿಲ್ಲ, ಮೊದಲ ಓದಿಗೆ ಇದೇ ಸರಿ. ಇದರ ದೋಷ ಹೊರಗೆ ಕಾಣುವುದಿಲ್ಲ. ಇವತ್ತು ‘ವಾಂಗ್ ಬಿ ಪಾಠ’ ಎಂದು ಅಚ್ಚಾಗುವುದು ಮಿಂಗ್ ಕಾಲದ ಮುದ್ರಣಗಳಿಂದ ಇಳಿದು ಬಂದದ್ದು. ನಡುವಿನ ಸಾವಿರಕ್ಕೂ ಹೆಚ್ಚು ವರ್ಷಗಳಲ್ಲಿ ಬೇರೆ ಪರಂಪರೆಯ ಓದುಗಳು ಅದರೊಳಗೆ ಸೇರಿಕೊಂಡಿವೆ. ಪರಿಣಾಮವಾಗಿ ಕೆಲವು ಕಡೆ ಮೇಲಿನ ಮೂಲ ಒಂದು ಹೇಳಿದರೆ, ಕೆಳಗಿನ ವಾಂಗ್ ಬಿ ವ್ಯಾಖ್ಯಾನ ಇನ್ನೊಂದು ಶಬ್ದವನ್ನು ಹಿಡಿದು ವಿವರಿಸುತ್ತದೆ. ಟೀಕೆ ಬೇಕೆನ್ನುವವರು 1999ರ ರಿಚರ್ಡ್ ಜಾನ್ ಲಿನ್ ಅನುವಾದ ತೆಗೆದುಕೊಳ್ಳಲಿ. ಅಧ್ಯಾಯಕ್ಕೆ ವಾಂಗ್ ಬಿಯ ವಿವರಣೆಯೂ ಸಿಗುತ್ತದೆ. 31 ಮತ್ತು 66ನೇ ಅಧ್ಯಾಯಗಳಿಗೆ ವ್ಯಾಖ್ಯಾನ ಇಲ್ಲದಿದ್ದರೆ ಪುಟ ಹಾರಿದೆ ಎಂದುಕೊಳ್ಳಬೇಡಿ, ಅಲ್ಲಿ ವಾಂಗ್ ಬಿಯ ಟೀಕೆ ಇಲ್ಲವೇ ಇಲ್ಲ. ಇದೇ ಕಾರಣಕ್ಕೆ 31ನ್ನು ಪ್ರಕ್ಷಿಪ್ತ ಎಂದು ಅನುಮಾನಿಸಿದವರಿದ್ದರು. ಗೋರಿಗಳ ಪ್ರತಿಗಳಲ್ಲಿ ಅದು ಸಿಕ್ಕ ಮೇಲೆ ಆ ಅನುಮಾನದ ಬಲ ಕುಗ್ಗಿತು.

ಹೆ ಶಾಂಗ್ ಗೊಂಗ್, ಅಂದರೆ ‘ನದಿದಡದ ಹಿರಿಯ’, ಇನ್ನೊಂದು ದೊಡ್ಡ ಪರಂಪರೆ. ಅಧ್ಯಾಯಗಳಿಗೆ ಎರಡೆರಡು ಅಕ್ಷರದ ಹೆಸರಿಟ್ಟದ್ದು ಈ ಪಾಠ. ಚೀನಾದ ಮಠಗಳಲ್ಲಿ, ಮನೆಗಳಲ್ಲಿ ಬಾಯಿಪಾಠವಾಗಿ ಓಡಾಡಿದ್ದು ಹೆಚ್ಚಾಗಿ ಇದೇ. ಮೂಲದ ವ್ಯತ್ಯಾಸ ಇಲ್ಲಿ ಸಣ್ಣದು, ಓದುವ ಬಗೆಯ ವ್ಯತ್ಯಾಸ ದೊಡ್ಡದು. 6ನೇ ಅಧ್ಯಾಯದ ‘ಕಣಿವೆಯ ಚೇತನ ಸಾಯುವುದಿಲ್ಲ’ ಎಂಬಲ್ಲಿ ಈ ಹಿರಿಯ ‘ಕಣಿವೆ’ ಎಂಬ ಪದಕ್ಕೆ ‘ಪೋಷಿಸು’ ಎಂದು ಅರ್ಥ ಹೇಳುತ್ತಾನೆ. ಒಳಗಿನ ಚೇತನಗಳನ್ನು ಪೋಷಿಸಿದರೆ ಸಾವಿಲ್ಲ ಎಂದಾಗುತ್ತದೆ. ಯೋಗ, ಪ್ರಾಣಾಯಾಮದ ಕಡೆಯಿಂದ ಬರುವ ಮೈಸೂರಿನ ಓದುಗರಿಗೆ ಈ ಪಾಠ ಹತ್ತಿರವಾಗುತ್ತದೆ. ಆದರೆ ಇದನ್ನೇ ಲಾವೋತ್ಸುವಿನ ಏಕೈಕ ಅರ್ಥ ಎಂದು ಹಿಡಿದರೆ ಮೋಸ ಹೋದಂತೆ.

ಷಿಯಾಂಗ್ ಅರ್ ಎಂಬ ಪಾಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇದು ದುನ್‌ಹುವಾಂಗ್ ಗುಹೆಯಿಂದ ಲಂಡನ್ ಸೇರಿದ ಹಸ್ತಪ್ರತಿ. 3ರಿಂದ 37ನೇ ಅಧ್ಯಾಯದವರೆಗೆ ಮಾತ್ರ ಉಳಿದಿದೆ. ದಾವ್ ಪಂಥದವರು ತಮ್ಮ ಸಾಧನೆಗೆ ಒಪ್ಪುವಂತೆ ಇಲ್ಲಿ ಮೂಲವನ್ನೇ ತಿದ್ದಿದ್ದಾರೆ: 16 ಮತ್ತು 25ರಲ್ಲಿ ‘ರಾಜ’ ಇದ್ದ ಕಡೆ ‘ಜೀವ’, 7ರಲ್ಲಿ ‘ಸ್ವಾರ್ಥ’ ಇದ್ದ ಕಡೆ ‘ಹೆಣ’. ಲಿಪಿಕಾರನ ಕೈತಪ್ಪಲ್ಲ ಇದು, ಬೇಕೆಂದೇ ಮಾಡಿದ ಕೆಲಸ. ಲಾವೋತ್ಸು ಐದು ಸಾವಿರ ಅಕ್ಷರ ಬರೆದ ಎಂಬ ಐತಿಹ್ಯಕ್ಕೆ ಹೊಂದಿಸಲು ಆ ವಲಯದಲ್ಲಿ ಅವ್ಯಯಗಳನ್ನೆಲ್ಲ ಕಿತ್ತು 4,999ಕ್ಕೆ ತಂದು ನಿಲ್ಲಿಸಿದ ಪಾಠವೂ ಇತ್ತು. ಪಂಥದ ಇತಿಹಾಸ ಓದುವವರಿಗೆ ಚಿನ್ನ, ಮೂಲಪಾಠ ಹುಡುಕುವವರಿಗೆ ಬಲೆ. ಸ್ಟೀಫನ್ ಬೋಕೆನ್‌ಕಾಂಪ್ 1997ರಲ್ಲಿ ಪ್ರಕಟಿಸಿದ ಪ್ರಾಚೀನ ದಾವ್ ಗ್ರಂಥಗಳ ಸಂಕಲನದಲ್ಲಿ ಇದರ ಇಂಗ್ಲಿಷ್ ಇದೆ.

ಫೂ ಯಿ (555–639) ಸಿದ್ಧಪಡಿಸಿದ ‘ಹಳೆಯ ಪಾಠ’ವನ್ನು ಬಹುಕಾಲ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 574ರಲ್ಲಿ ಷಿಯಾಂಗ್ ಯು ಎಂಬ ವೀರನ ಉಪಪತ್ನಿಯ ಗೋರಿಯಿಂದ ಸಿಕ್ಕ ಪ್ರತಿಯನ್ನು ಆತ ಬಳಸಿದ್ದ ಎಂದು ಹೇಳಿಕೆ. ಕಟ್ಟುಕತೆಯಂತೆ ಕೇಳುತ್ತದೆ, ಆದರೆ ರೇಷ್ಮೆ ಪ್ರತಿಗಳು ಸಿಕ್ಕಾಗ ಹಲವು ಕಡೆ ಫೂ ಯಿ ಓದೇ ಸರಿಯಾಗಿತ್ತು. ಯಾನ್ ಜುನ್ ವ್ಯಾಖ್ಯಾನದ್ದು 72 ಅಧ್ಯಾಯಗಳ ಲೆಕ್ಕ, ಉಳಿದಿರುವುದು ಅರ್ಧ. ಈ ಪುಸ್ತಕವನ್ನು ಕೆತ್ತಿದ 708ರ ಶಿಲಾಶಾಸನವೊಂದು ಹೆಬೇ ಪ್ರಾಂತದಲ್ಲಿದೆ. ಇವೆಲ್ಲ ಸಂಶೋಧಕರ ಮೇಜಿಗೆ. ಕೊಳ್ಳುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್ನು ಮಾವಾಂಗ್‌ದ್ವೇ. ಹುನಾನ್ ಪ್ರಾಂತದ ಚಾಂಗ್‌ಶಾ ಊರಿನ ಮೂರನೇ ಗೋರಿ. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಎ ಪ್ರತಿ ಅರ್ಧ ಅಗಲದ ರೇಷ್ಮೆಯ ಮೇಲೆ, ಸುಮಾರು 24 ಸೆಂಟಿಮೀಟರ್, ಮರದ ಪಟ್ಟಿಗೆ ಸುತ್ತಿಟ್ಟದ್ದು. ಬಿ ಪ್ರತಿ ಪೂರ್ತಿ ಅಗಲದ್ದು, ಸುಮಾರು 48 ಸೆಂಟಿಮೀಟರ್, ಮಡಿಸಿ ಅರಗಿನ ಬಣ್ಣದ ಪೆಟ್ಟಿಗೆಯಲ್ಲಿಟ್ಟದ್ದು. ರೇಷ್ಮೆ ಸೀರೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಎಲ್ಲಿ ಸೀಳುತ್ತದೆಂದು ಮೈಸೂರಿನ ಮನೆಗಳಿಗೆ ಗೊತ್ತು. ಬಿ ಪ್ರತಿಯ ನಷ್ಟವೂ ಮಡಿಕೆಯುದ್ದಕ್ಕೂ ಇದೆ. ಹಾಗಿದ್ದೂ ಅದೇ ಹೆಚ್ಚು ಉಳಿದಿರುವುದು, ಎಯಲ್ಲಿ ತೂತು ಜಾಸ್ತಿ. ಎಯಲ್ಲಿ ಹೋದದ್ದನ್ನು ಬಿಯಿಂದ, ಬಿಯಲ್ಲಿ ಹೋದದ್ದನ್ನು ಎಯಿಂದ ತುಂಬಿ ಓದುವುದು ವಾಡಿಕೆ. ಬಿ ಪ್ರತಿಯ ಭಾಗಗಳ ಕೊನೆಗೆ ಅಕ್ಷರದ ಲೆಕ್ಕವನ್ನೂ ಬರೆದಿಟ್ಟಿದ್ದಾರೆ: ದ ಭಾಗ 3,041, ದಾವ್ ಭಾಗ 2,426.

ದ ಮೊದಲು, ದಾವ್ ಆಮೇಲೆ. ಅಂದರೆ ನಮ್ಮ 38ನೇ ಅಧ್ಯಾಯ ಅಲ್ಲಿ ಬಾಗಿಲು. ಒಳಗಿನ ಕ್ರಮವೂ ಕೆಲವು ಕಡೆ ಬೇರೆ: 41 ಬಂದದ್ದು 40ಕ್ಕೆ ಮೊದಲು, 80 ಮತ್ತು 81 ಬಂದದ್ದು 66ರ ಬೆನ್ನಿಗೆ, 24 ಕೂತದ್ದು 21 ಮತ್ತು 22ರ ನಡುವೆ. ಕಾಲ ಹೇಗೆ ತಿಳಿಯಿತು? ಚಕ್ರವರ್ತಿಯ ಹೆಸರಿನ ಅಕ್ಷರವನ್ನು ಪ್ರಜೆ ಬರೆಯುವಂತಿರಲಿಲ್ಲ. ಹಾನ್ ವಂಶ ಸ್ಥಾಪಿಸಿದ ಲಿಯು ಬಾಂಗ್‌ನ ‘ಬಾಂಗ್’ (ರಾಜ್ಯ) ಎ ಪ್ರತಿಯಲ್ಲಿ ಧಾರಾಳವಾಗಿದೆ. ಬಿಯಲ್ಲಿ ಅದನ್ನು ತೆಗೆದು ‘ಗುವೋ’ (ದೇಶ) ಹಾಕಿದ್ದಾರೆ. ಹಾಗಾಗಿ ಎ ಮೊದಲಿನದು. ಈ ಅದಲುಬದಲಿನಿಂದ ಆದ ಹಾನಿ 54ನೇ ಅಧ್ಯಾಯದಲ್ಲಿ ಕಾಣುತ್ತದೆ. ಅಲ್ಲಿ ಸಾಲುಗಳು ಪ್ರಾಸದಲ್ಲಿ ನಡೆಯುತ್ತವೆ. ‘ಬಾಂಗ್’ ಇದ್ದರೆ ಮುಂದಿನ ‘ಫೆಂಗ್’ (ಸಮೃದ್ಧಿ) ಜೊತೆ ಹಳೆಯ ಉಚ್ಚಾರದಲ್ಲಿ ಪ್ರಾಸ ಕೂಡುತ್ತದೆ, ‘ಗುವೋ’ ಹಾಕಿದರೆ ಮುರಿಯುತ್ತದೆ. ಪದ್ಯದ ಎರಡನೇ ಅಕ್ಷರದ ಪ್ರಾಸ ತಪ್ಪಿದ ಕಡೆ ಪಾಠ ಕೆಟ್ಟಿದೆ ಎಂದು ಹಳಗನ್ನಡ ಸಂಪಾದಕರು ಬೆರಳಿಡುತ್ತಾರಲ್ಲ, ಅದೇ ವಿದ್ಯೆ. ಮೊದಲ ಅಧ್ಯಾಯದ ಪ್ರಸಿದ್ಧ ‘ಚಾಂಗ್’ (ಸದಾ ಇರುವ) ಕೂಡ ಹೀಗೆ ಬಂದ ಬದಲಿ. ರೇಷ್ಮೆ ಪ್ರತಿಗಳಲ್ಲಿರುವುದು ‘ಹೆಂಗ್’ (ನಮ್ಮ ಮಂಡ್ಯದ ‘ಹೆಂಗ್’ ಅಲ್ಲ), ಅಂದರೆ ಸ್ಥಿರವಾದದ್ದು. ಮುಂದೆ ವೆನ್ ಚಕ್ರವರ್ತಿ ಲಿಯು ಹೆಂಗ್‌ನ ಹೆಸರೆಂದು ಅದನ್ನು ಕೈಬಿಟ್ಟರು.

ಈ ಪ್ರತಿಗಳ ನಿಜವಾದ ಬೆಲೆ ಇರುವುದು ಅವ್ಯಯಗಳಲ್ಲಿ. ವಾಕ್ಯ ಮುಗಿಸುವ ‘ಯೆ’ ಎಂಬ ಪುಟ್ಟ ಅಕ್ಷರ ರೇಷ್ಮೆಯ ಮೇಲೆ ಹೆಜ್ಜೆಹೆಜ್ಜೆಗೂ ಇದೆ. ಅಚ್ಚಿನ ಪಾಠದಲ್ಲಿ ಬಹುಪಾಲು ಮಾಯ. ಮೊದಲ ಅಧ್ಯಾಯದ ಒಂದು ಸಾಲನ್ನು ‘ಆಸೆಯಿಲ್ಲದೆ ಇದ್ದು ಅದರ ಗುಟ್ಟು ಕಾಣು’ ಎಂದು ಓದಬೇಕೋ, ‘ಶೂನ್ಯದಲ್ಲಿ ನಿಂತು ಅದರ ಗುಟ್ಟು ಕಾಣಲು ಬಯಸು’ ಎಂದು ಓದಬೇಕೋ ಎಂಬ ಜಗಳ ಸೋಂಗ್ ಕಾಲದಿಂದಲೂ ಇತ್ತು. ವಿರಾಮ ಚಿಹ್ನೆ ಇಲ್ಲದ ಬರಹ. ಎಲ್ಲಿ ಕತ್ತರಿಸಿದರೆ ಅಲ್ಲಿ ಅರ್ಥ. ರೇಷ್ಮೆ ಪ್ರತಿಯಲ್ಲಿ ‘ಆಸೆ’ ಎಂಬ ಅಕ್ಷರವಾದ ಮೇಲೆ ‘ಯೆ’ ಇದೆ. ಕತ್ತರಿ ಅಲ್ಲೇ ಬೀಳಬೇಕು, ಮೊದಲ ಓದೇ ಗೆಲ್ಲುತ್ತದೆ. ಎರಡನೇ ಓದಿನ ಮೇಲೆ ಕಟ್ಟಿದ ಇಂಗ್ಲಿಷ್ ಅನುವಾದಗಳು ಇನ್ನೂ ಮರುಮುದ್ರಣ ಆಗುತ್ತಲೇ ಇವೆ ಎಂಬುದು ಬೇರೆ ಮಾತು.

ಇದಕ್ಕಿಂತಲೂ ಹಳೆಯದು ಗ್ವೊದಿಯನ್. ಹುಬೇ ಪ್ರಾಂತದ ಜಿಂಗ್‌ಮೆನ್ ಬಳಿ 1993ರಲ್ಲಿ ತೆರೆದ ಗೋರಿ, ಕಾಲ ಕ್ರಿ.ಪೂ. 300ರ ಆಸುಪಾಸು, ಚಿತ್ರಗಳ ಸಮೇತ ಪ್ರಕಟವಾದದ್ದು 1998ರಲ್ಲಿ. ಬಿದಿರಿನ ಸೀಳುಗಳ ಮೂರು ಕಟ್ಟು. ಎ ಕಟ್ಟಿನಲ್ಲಿ 39 ಸೀಳು, ಉದ್ದ 32.3 ಸೆಂಟಿಮೀಟರ್, ಬಿಯಲ್ಲಿ 18, ಉದ್ದ 30.6, ಸಿಯಲ್ಲಿ 14, ಉದ್ದ 26.5. ಒಟ್ಟು ಎರಡು ಸಾವಿರ ಅಕ್ಷರ ಚಿಲ್ಲರೆ, ನಮ್ಮ 31 ಅಧ್ಯಾಯಗಳ ಪೂರ್ತಿ ಅಥವಾ ಅರೆಬರೆ ಭಾಗ. ಕಟ್ಟಿದ ದಾರ ಕೊಳೆತು ಸೀಳುಗಳು ಚೆಲ್ಲಾಪಿಲ್ಲಿಯಾಗಿದ್ದವು. ದಾರ ಕಿತ್ತ ತಾಳೆಗರಿ ಕಟ್ಟನ್ನು ಜೋಡಿಸಿದವರಿಗೆ ಗೊತ್ತಿರುವ ಪಾಡೇ ಇದು. ಉದ್ದ, ತುದಿಯ ಆಕಾರ (ಎ ಕಟ್ಟಿನ ತುದಿ ಓರೆಯಾಗಿ ಕೊರೆದದ್ದು, ಉಳಿದೆರಡರದ್ದು ನೇರ), ದಾರದ ಗುರುತುಗಳ ನಡುವಿನ ಅಂತರ ಇವುಗಳಿಂದ ಕಟ್ಟುಗಳನ್ನು ಬೇರ್ಪಡಿಸಿದರು. ಸೀಳಿನ ಕೊನೆಯಲ್ಲಿ ವಾಕ್ಯ ಮುಗಿಯದಿದ್ದರೆ ಮುಂದಿನ ಸೀಳು ಯಾವುದೆಂದು ಖಚಿತ. ವಾಕ್ಯ ಅಲ್ಲಿಗೇ ಮುಗಿದರೆ ಮುಂದಿನದು ಸಂಪಾದಕರ ಊಹೆ. ಹಾಗಾಗಿ ಗ್ವೊದಿಯನ್ ಅನುವಾದದಲ್ಲಿ ಅಧ್ಯಾಯಗಳ ಕ್ರಮದ ಮೇಲೆ ದೊಡ್ಡ ವಾದ ಕಟ್ಟಿದ್ದರೆ ಹುಷಾರಾಗಿರಿ.

ಕನ್ನಡ ಓದುಗರಿಗೆ ಈ ಮೂರು ಕಟ್ಟುಗಳ ಸ್ವಭಾವ ತಿಳಿಯಲು ಶೂನ್ಯಸಂಪಾದನೆ ನೆನಪಾದರೆ ಸಾಕು. ಅವೇ ವಚನಗಳು, ಬೇರೆ ಬೇರೆ ಸಂಕಲನಕಾರರ ಕೈಯಲ್ಲಿ ಬೇರೆ ಬೇರೆ ಜೋಡಣೆ. 64ನೇ ಅಧ್ಯಾಯದ ಉತ್ತರಾರ್ಧ ಎ ಕಟ್ಟಿನಲ್ಲೂ ಇದೆ, ಸಿ ಕಟ್ಟಿನಲ್ಲೂ ಇದೆ, ಮಾತು ಒಂದೇ ಥರ ಇಲ್ಲ. ಒಂದೇ ಗೋರಿಯಲ್ಲಿ ಒಂದೇ ತುಣುಕಿನ ಎರಡು ಪಾಠ! 17 ಮತ್ತು 18 ‘ಆದ್ದರಿಂದ’ ಎಂಬ ಪದದಿಂದ ಹೆಣೆದುಕೊಂಡು ಒಂದೇ ಆಗಿವೆ. 67ರಿಂದ 81ರವರೆಗಿನ ಒಂದು ಸಾಲೂ ಇಲ್ಲ. ಇದ್ದದ್ದೇ ಇಷ್ಟು, ಮಿಕ್ಕದ್ದು ಆಮೇಲೆ ಸೇರಿಸಿದ್ದು ಎಂದು ಕೂಡಲೇ ಹೇಳಬಾರದು. ಉತ್ಖನನಕ್ಕೆ ಮೊದಲೇ ಗೋರಿಗೆ ಕಳ್ಳರು ನುಗ್ಗಿದ್ದರು.

ಗ್ವೊದಿಯನ್‌ನಲ್ಲಿ ನಿಂತು ನೋಡಬೇಕಾದದ್ದು 19ನೇ ಅಧ್ಯಾಯ. ಅಚ್ಚಿನ ಪಾಠದಲ್ಲಿ ‘ಸಂತತನ ಬಿಡು, ಜಾಣ್ಮೆ ಎಸೆ, ಕರುಣೆ ಬಿಡು, ನ್ಯಾಯ ಎಸೆ’ ಎಂದು ಕನ್‌ಫ್ಯೂಶಿಯಸ್ ಪಂಥದವರ ಮುಖಕ್ಕೇ ಹೊಡೆದಂತಿದೆ. ಬಿದಿರಿನ ಮೇಲೆ ಆ ಗುದ್ದಾಟವೇ ಇಲ್ಲ. ಬಿಡಬೇಕಾದದ್ದು ಜಾಣ್ಮೆ, ಭೇದ ಮಾಡುವ ವಾದ, ಕೈಚಳಕ, ಲಾಭ. ಇವಾದ ಮೇಲೆ ಬರುವ ಮೂರನೇ ಜೋಡಿಯ ಅಕ್ಷರಗಳನ್ನು ಹೇಗೆ ಓದಬೇಕೆಂಬ ಬಗ್ಗೆ ವಿದ್ವಾಂಸರು ಒಪ್ಪಿಲ್ಲ, ಆದರೆ ಅವು ‘ಕರುಣೆ, ನ್ಯಾಯ’ ಅಲ್ಲ ಎಂಬುದು ಖಚಿತ. ಪಂಥಗಳ ಜಗಳ ಬಲಿತ ಮೇಲೆ ಪಾಠ ಚೂಪಾಯಿತು ಎಂಬ ಊಹೆಗೆ ಇಲ್ಲಿ ಗಟ್ಟಿ ಆಧಾರ ಸಿಗುತ್ತದೆ. 40ನೇ ಅಧ್ಯಾಯದ ಸಮಸ್ಯೆ ಇನ್ನೂ ಸೂಕ್ಷ್ಮ. ‘ಎಲ್ಲವೂ ಇರುವುದರಿಂದ ಹುಟ್ಟಿತು, ಇರುವುದು ಇಲ್ಲದ್ದರಿಂದ ಹುಟ್ಟಿತು’ ಎಂಬುದು ರೂಢಿಯ ಪಾಠ. ಬಿದಿರಿನಲ್ಲಿ ಎರಡನೇ ‘ಇರುವುದು’ ಇಲ್ಲ. ಎಲ್ಲವೂ ಇರುವುದರಿಂದಲೂ ಹುಟ್ಟಿತು, ಇಲ್ಲದ್ದರಿಂದಲೂ ಹುಟ್ಟಿತು ಎಂದಾಗುತ್ತದೆ. ಒಂದು ಅಕ್ಷರವನ್ನು ಎರಡು ಸಲ ಓದಿ ಎನ್ನಲು ಅದರ ಪಕ್ಕ ಎರಡು ಪುಟ್ಟ ಗೀಟು ಹಾಕುವುದು ಅಂದಿನ ಪದ್ಧತಿ. ಲಿಪಿಕಾರ ಆ ಗೀಟು ಹಾಕಲು ಮರೆತನೋ, ಅಥವಾ ಮೊದಲಿನ ತತ್ವವೇ ಹಾಗಿತ್ತೋ? ಇಡೀ ಶೂನ್ಯತತ್ವ ಒಂದು ಜೋಡಿಗೀಟಿನ ಮೇಲೆ ನಿಂತಿದೆ.

ಪೀಕಿಂಗ್ ವಿಶ್ವವಿದ್ಯಾಲಯಕ್ಕೆ 2009ರಲ್ಲಿ ಬಂದ ಹಾನ್ ಕಾಲದ ಬಿದಿರು ಪ್ರತಿ 2012ರಲ್ಲಿ ಪ್ರಕಟವಾಯಿತು. 77 ಅಧ್ಯಾಯ, ದ ಭಾಗ ಮೊದಲು. 17, 18, 19 ಕೂಡಿ ಒಂದೇ ಅಧ್ಯಾಯ. ಭಾಗಗಳಿಗೆ ‘ಲಾವೋತ್ಸು ಮೇಲಿನ ಸೂತ್ರ’, ‘ಕೆಳಗಿನ ಸೂತ್ರ’ ಎಂಬ ಹೆಸರು ಸೀಳಿನ ಹಿಂಬದಿಯಲ್ಲಿದೆ. ಓದಲು ಸಿಗುವ ಹಳೆಯ ಪ್ರತಿಗಳಲ್ಲಿ ಇದರಷ್ಟು ಇಡಿಯಾಗಿರುವುದು ಇನ್ನೊಂದಿಲ್ಲ. ಆದರೆ ಇದು ಉತ್ಖನನದಲ್ಲಿ ಸಿಕ್ಕಿದ್ದಲ್ಲ, ದಾನವಾಗಿ ಬಂದದ್ದು. ಇದರ ಅಸಲಿತನವನ್ನೇ ಪ್ರಶ್ನಿಸಿದ ಲೇಖನಗಳೂ ಉತ್ತರಗಳೂ ಬಂದಿವೆ. ಮೂರನೇ ಸಾಕ್ಷಿಯಾಗಿ ಕರೆಯಿರಿ, ತೀರ್ಪನ್ನು ಇದರ ಮೇಲೊಂದೇ ಬರೆಯಬೇಡಿ.

ಅಂಗಡಿಯಲ್ಲಿ ಪುಸ್ತಕ ಕೈಯಲ್ಲಿದೆ, ಐದು ನಿಮಿಷ ಸಮಯವಿದೆ ಅಂದುಕೊಳ್ಳಿ. ಪರಿವಿಡಿ ನೋಡಿ: 38ರಿಂದ ಶುರುವಾದರೆ ರೇಷ್ಮೆ ಅಥವಾ ಪೀಕಿಂಗ್. ಅಧ್ಯಾಯಕ್ಕೆ ಹೆಸರಿದ್ದರೆ ನದಿದಡದ ಹಿರಿಯನದ್ದು, ಇಲ್ಲವೇ ಅನುವಾದಕರು ಸ್ವಂತಕ್ಕೆ ಇಟ್ಟದ್ದು. ಮುನ್ನುಡಿ ಯಾವುದೆಂದು ಹೇಳಬೇಕು. ನಂತರ 64 ತೆರೆದು ಪಯಣವೋ ಎತ್ತರವೋ ನೋಡಿ. ಕೊನೆಗೆ 41: ‘ದೊಡ್ಡ ಪಾತ್ರೆ ತಡವಾಗಿ ಸಿದ್ಧವಾಗುತ್ತದೆ’ ಎಂದಿದ್ದರೆ ರೂಢಿಯ ಪಾಠ. ರೇಷ್ಮೆಯ ಬಿ ಪ್ರತಿಯಲ್ಲಿ ‘ತಡ’ದ ಜಾಗದಲ್ಲಿ ‘ತಪ್ಪಿಸಿಕೊಳ್ಳು’ ಎಂಬ ಅಕ್ಷರವಿದೆ, ಅಂದರೆ ದೊಡ್ಡ ಪಾತ್ರೆ ಮುಗಿಯುವುದೇ ಇಲ್ಲ. ಅಕ್ಕಪಕ್ಕದ ಸಾಲುಗಳು ಮೂಲೆಯಿಲ್ಲದ ಚೌಕ, ಆಕಾರವಿಲ್ಲದ ಬಿಂಬ ಎಂದೆಲ್ಲ ಇಲ್ಲಗಳನ್ನೇ ಹೇಳುವುದರಿಂದ ಇದು ಹೊಂದುತ್ತದೆ. ಗ್ವೊದಿಯನ್‌ನ ಅಕ್ಷರವನ್ನು ಎರಡೂ ಕಡೆಗೆ ಎಳೆಯಬಹುದು.

ಈ ಪರೀಕ್ಷೆಯಲ್ಲಿ 1ರಲ್ಲಿ ರೇಷ್ಮೆ, 19ರಲ್ಲಿ ಬಿದಿರು, 64ರಲ್ಲಿ ವಾಂಗ್ ಬಿ ಎಂದು ಸಿಕ್ಕಿ, ಎಲ್ಲೂ ಟಿಪ್ಪಣಿ ಇಲ್ಲದಿದ್ದರೆ ಅದು ಕಲಸುಮೇಲೋಗರ. ವಾಪಸ್ ಇಟ್ಟುಬಿಡಿ. ಪಾಠ ಬೆರೆಸುವುದು ತಪ್ಪಲ್ಲ, ಬೆರೆಸಿದ್ದನ್ನು ಹೇಳದಿರುವುದು ತಪ್ಪು.

ಹೆಸರು ಹೇಳಿ ಕೊಳ್ಳುವುದಾದರೆ, ಮೊದಲ ಪುಸ್ತಕ ಡಿ. ಸಿ. ಲಾವ್ 1963ರಲ್ಲಿ ಪೆಂಗ್ವಿನ್‌ಗೆ ಮಾಡಿದ್ದು. ವಾಂಗ್ ಬಿ ಪಾಠ, ಬಿಗಿ ಗದ್ಯ, ಅಧ್ಯಾಯವನ್ನು ಒಡೆದು ತುಣುಕುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ. ಹೋಲಿಸಿ ಓದುವವರಿಗೆ ಇದು ದೊಡ್ಡ ಉಪಕಾರ. ಅದೇ ಲಾವ್ 1982ರಲ್ಲಿ ಹಾಂಗ್‌ಕಾಂಗ್‌ನಿಂದ ತಂದ ಆವೃತ್ತಿಯಲ್ಲಿ ಮಾವಾಂಗ್‌ದ್ವೇ ಪಾಠದ ಅನುವಾದವೂ ಸೇರಿದೆ. ಅನುವಾದಕರ ಹೆಸರು ಒಂದೇ, ಒಳಗಿನ ಪಾಠ ಬೇರೆ. ಆನ್‌ಲೈನ್‌ನಲ್ಲಿ ತರಿಸುವಾಗ ವರ್ಷ ನೋಡದೆ ಬಟನ್ ಒತ್ತಬೇಡಿ. ಎರಡನೆಯದು ರಾಬರ್ಟ್ ಹೆನ್ರಿಕ್ಸ್‌ರ 1989ರ ಮಾವಾಂಗ್‌ದ್ವೇ ಅನುವಾದ. ದುಡ್ಡಿಗೆ ತಕ್ಕ ಪುಸ್ತಕ. ಅವರದೇ 2000ದ ಗ್ವೊದಿಯನ್ ಅನುವಾದ ಮೂರನೆಯದು. ಸ್ಕಾಟ್ ಕುಕ್ 2012ರಲ್ಲಿ ತಂದ ಗ್ವೊದಿಯನ್‌ನ ಎರಡು ಸಂಪುಟ ಸೀಳುಸೀಳಿಗೂ ಟಿಪ್ಪಣಿ ಕೊಡುತ್ತದೆ, ಅದು ಗ್ರಂಥಾಲಯದವರಿಂದ ತರಿಸಿ ಓದುವ ಗಾತ್ರ. ಜೇಮ್ಸ್ ಲೆಗ್‌ರ 1891ರ ಅನುವಾದ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ; ಗೋರಿಗಳು ತೆರೆಯುವ ಮುಂಚಿನದು ಎಂಬುದು ನೆನಪಿರಲಿ.

ಯು. ಆರ್. ಅನಂತಮೂರ್ತಿಯವರ ಕನ್ನಡ ‘ದಾವ್ ದ ಜಿಂಗ್’ ಕವಿತೆಯಾಗಿ ಓದಿಕೊಳ್ಳುವ ಪುಸ್ತಕ. ಪಾಠಾಂತರದ ವ್ಯಾಜ್ಯಕ್ಕೆ ಅದನ್ನು ಸಾಕ್ಷಿಕಟ್ಟೆಗೆ ಎಳೆಯುವುದು ತರವಲ್ಲ. ಅಂದಹಾಗೆ ‘ದಾವ್’ಗೆ ಭಾರತೀಯ ಪದ ಯಾವುದು ಎಂಬ ಜಗಳ ನಮ್ಮದಲ್ಲ, 647ರದ್ದು. ಕಾಮರೂಪದ (ಇಂದಿನ ಅಸ್ಸಾಂ) ರಾಜನಿಗಾಗಿ ಲಾವೋತ್ಸುವನ್ನು ಸಂಸ್ಕೃತಕ್ಕೆ ತರುವಾಗ ದಾವ್ ಪಂಡಿತರು ‘ಬೋಧಿ’ ಎಂದರೆ, ಹ್ಯೂಯೆನ್ ತ್ಸಾಂಗ್ ‘ಮಾರ್ಗ’ವೇ ಆಗಬೇಕೆಂದು ಪಟ್ಟು ಹಿಡಿದ. ಆ ಸಂಸ್ಕೃತ ಪಾಠ ಉಳಿಯಲಿಲ್ಲ.

ಹೋಲಿಸಿ ಓದಲು ಹೊರಟವರು ಇಡೀ ಪುಸ್ತಕಕ್ಕೆ ಕೈ ಹಾಕಬೇಡಿ. 1, 19, 40, 41, 54, 64 ಈ ಆರು ಅಧ್ಯಾಯ ಸಾಕು. ಉದ್ದ ನೋಟ್‌ಬುಕ್ಕಿನ ಎದುರುಬದುರು ಪುಟದಲ್ಲಿ ನಾಲ್ಕು ಕಾಲಂ ಗೀಚಿ: ವಾಂಗ್ ಬಿ, ರೇಷ್ಮೆ ಎ, ರೇಷ್ಮೆ ಬಿ, ಗ್ವೊದಿಯನ್. ವಾಕ್ಯಕ್ಕೊಂದು ಸಾಲು. ಪ್ರತಿಯಲ್ಲಿ ಆ ಮಾತು ಇಲ್ಲದಿದ್ದರೆ ಅಡ್ಡಗೆರೆ, ಪ್ರತಿ ಹರಿದು ಮಾತು ಹೋಗಿದ್ದರೆ ಚೌಕ. ಈ ಎರಡನ್ನು ಬೆರೆಸುವುದೇ ಹೊಸಬರು ಮಾಡುವ ತಪ್ಪು. 64ರ ಗೋಪುರದ ಸಾಲಿನ ನಡುವೆ ಗ್ವೊದಿಯನ್ ಸೀಳು ಮುರಿದು, ಅದರ ಮುಂದಿನ ಸಾಲಿನಲ್ಲಿ ಉಳಿದಿರುವುದು ‘ಕಾಲಡಿ’ ಮಾತ್ರ. ಅಲ್ಲಿ ಅಡ್ಡಗೆರೆ ಎಳೆದರೆ ‘ಎತ್ತರವೂ ಇಲ್ಲ, ಪಯಣವೂ ಇಲ್ಲ’ ಎಂಬ ಸುಳ್ಳು ಹುಟ್ಟುತ್ತದೆ. ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಹುಡುಕುವಾಗ ಹೆಸರನ್ನು ‘ಟ’ಕಾರದ ಹಳೆ ಸ್ಪೆಲಿಂಗ್‌ನಲ್ಲೂ ‘ಡ’ಕಾರದ ಹೊಸ ಸ್ಪೆಲಿಂಗ್‌ನಲ್ಲೂ ಕೊಟ್ಟು ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಪುಟ ಜೆರಾಕ್ಸ್ ಮಾಡಿಸುವುದಾದರೆ ಸ್ವಲ್ಪ ಕಪ್ಪಾಗಿಯೇ ಹೊಡೆಸಿ. ತಿಳಿಯಾಗಿ ಹೊಡೆದ ಕಾಪಿಯಲ್ಲಿ ಮೊದಲು ಅಳಿಸಿಹೋಗುವುದು ಹರಿದ ಜಾಗ ತೋರಿಸುವ ಆ ಪುಟ್ಟ ಚೌಕಗಳೇ.